ಗುದ್ದಣ್ಣ ಕಚ್ಚಿದ್ದು

ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನಿಗೂ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಯಾರಿಗೂ ಬೇಕಾಗಿರಲಿಲ್ಲ. ಇಡೀ ರಸ್ತೆಗೆ ಅವನು ಗುದ್ದಣ್ಣ. ಮಾತಿಗಿಂತ ಮೊದಲು ಮುಷ್ಟಿ ಬರುತ್ತಿದ್ದ ಮನುಷ್ಯನಿಗೆ ಬೇರೆ ಹೆಸರು ಹೇಗೆ ತಾನೇ ನಿಂತೀತು? ಅದರ ಬಾಲಕ್ಕೆ ‘ಅಣ್ಣ’ ಸೇರಿಕೊಂಡಿದ್ದೂ ಪ್ರೀತಿಯಿಂದಲ್ಲ, ಹೆದರಿಕೆಯಿಂದ.

ಅವನಪ್ಪ ಲಾರಿ ಮೆಕ್ಯಾನಿಕ್. ಸಂಜೆ ಮನೆಗೆ ಬಂದವನು ಮೊದಲು ಕೈ ತೊಳೆಯುತ್ತಿದ್ದ, ಆಮೇಲೆ ಹಳೇ ಫ್ಯಾನ್ ಬೆಲ್ಟು ಹುಡುಕುತ್ತಿದ್ದ. ಕಾರಣ ಏನೂ ಬೇಕಿರಲಿಲ್ಲ. ಬೆಲ್ಟು ಸಿಕ್ಕರೆ ಕಾರಣ ತಾನಾಗಿ ಸಿಗುತ್ತಿತ್ತು. ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವನು ಬೆನ್ನು ಕೊಟ್ಟು ನಿಲ್ಲುತ್ತಿದ್ದ, ಚಿಕ್ಕವನು ಮಂಚದ ಕೆಳಗೆ ನುಸುಳಿಬಿಡುತ್ತಿದ್ದ. ಹೀಗಾಗಿ ದೊಡ್ಡವನು ಹೊಡೆಯುವುದನ್ನು ಎಲ್ಲರೆದುರು ಕಲಿತ, ಚಿಕ್ಕವನು ಗುಟ್ಟಾಗಿ ಕಲಿತ. ಚಿಕ್ಕವನು ಬೆಳೆದು ಟೆಂಪೋ ಓಡಿಸತೊಡಗಿದ ಮೇಲೆ ರಸ್ತೆಯವರು ಅವನನ್ನು ‘ಬೆಣ್ಣೆ’ ಎಂದು ಕರೆದರು. ಅಷ್ಟು ಮೆತ್ತಗಿನ ಮಾತು, ಅಷ್ಟು ನಗು. ಒಂದೇ ಮನೆಯಲ್ಲಿ ಇಂಥ ಎರಡು ಹೇಗೆ ಹುಟ್ಟಿದವಪ್ಪಾ ಎಂದು ಜನ ಬೆರಗಾಗುತ್ತಿದ್ದರು. ಜನಕ್ಕೆ ಬೆರಗಾಗಲು ಖರ್ಚಿಲ್ಲ ನೋಡಿ.

ಗುದ್ದಣ್ಣನ ಹೆಂಡತಿ ಬಿಟ್ಟುಹೋದದ್ದು ಏಟು ತಿಂದಲ್ಲ. “ನೀವು ನನ್ನ ಮೇಲೆ ಯಾವತ್ತೂ ಕೈ ಮಾಡಿಲ್ಲ, ನಿಜ,” ಎಂದಿದ್ದಳು ಹೊರಡುವಾಗ. “ಆದ್ರೆ ಗೋಡೆಗೆ ಹೊಡೆದ್ರಿ, ಬಾಗಿಲಿಗೆ ಹೊಡೆದ್ರಿ, ಪಕ್ಕದ ಮನೆಯವನಿಗೂ ಹೊಡೆದ್ರಿ. ಇನ್ನು ಈ ಮನೇಲಿ ಬಾಕಿ ಇರೋದು ನಾನೊಬ್ಬಳೇ.” ಅವಳು ಬಿಟ್ಟುಹೋದ ವರ್ಷವೇ ಲಾರಿ ಡ್ರೈವರ್ ಒಬ್ಬ, ನಟ್ಟು ಸರಿಯಾಗಿ ಬಿಗಿದಿಲ್ಲ ಎಂದು ತಾಯಿಯನ್ನು ಎಳೆದು ಬೈದ. ಗುದ್ದಣ್ಣ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನದಿಂದ ಅವನ ದವಡೆ ಎರಡು ಕಡೆ ಮುರಿದ. ಡ್ರೈವರ್ ಬಿದ್ದ ಮೇಲೂ ನಿಲ್ಲಿಸಲಿಲ್ಲ. ಹಲ್ಲುಗಳು ಗ್ರೀಸಿನ ಡಬ್ಬಿಯೊಳಗೆ ಬಿದ್ದಿದ್ದವಂತೆ. ಅದಕ್ಕೆ ಜೈಲಾಯಿತು.

ಜೈಲಿನಿಂದ ಬಂದ ಮೇಲೆ ಒಂದು ದಿನ, ಊರಾಚೆಯ ಪ್ರಾಣಿ ಆಶ್ರಯದಲ್ಲಿ ಜೀಪಿನ ಟೈರು ಒಡೆದಿದೆ ಎಂದು ಕರೆ ಬಂತು. ಆಶ್ರಯ ನಡೆಸುತ್ತಿದ್ದವರು ಒಬ್ಬ ವಯಸ್ಸಾದ ಪಶುವೈದ್ಯೆ, ಎಲ್ಲರ ಬಾಯಲ್ಲೂ ಡಾಕ್ಟರಮ್ಮ. ಟೈರು ಹಾಕಿ ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ಹೋದ ಗುದ್ದಣ್ಣ ಕೊನೆಯ ಬೋನಿನ ಮುಂದೆ ನಿಂತುಬಿಟ್ಟ.

ಒಳಗಿದ್ದ ನಾಯಿಗೆ ಒಂದು ಕಿವಿ ಇರಲಿಲ್ಲ. ಮೇಲ್ದುಟಿ ಹರಿದು ಹಲ್ಲು ಸದಾ ಕಾಣುತ್ತಿತ್ತು. ಎದೆಯ ಮೇಲೆ ಕೂದಲು ಹುಟ್ಟದ ಗಾಯದ ಗೆರೆಗಳು. ಇವನನ್ನು ಕಂಡದ್ದೇ ಕಬ್ಬಿಣದ ಸರಳಿಗೆ ಹಾರಿ ಬಿತ್ತು. ಮತ್ತೆ ಹಾರಿತು. ಮೂಗು ಒಡೆದು ರಕ್ತ ಬಂದರೂ ಹಾರುತ್ತಲೇ ಇತ್ತು.

“ಇದಕ್ಕೇನಾಗಿದೆ ಡಾಕ್ಟರಮ್ಮ?”

“ನಾಯಿಗಳನ್ನ ಕಾದಾಡಿಸ್ತಾರಲ್ಲ, ಅಂಥ ಕಡೆ ಪೊಲೀಸರು ಹಿಡಿದಿದ್ದು. ಹಳೇ ಇಟ್ಟಿಗೆ ಗೂಡಿನೊಳಗೆ. ಒಂದು ಸಾಯೋವರೆಗೂ ಬಿಡಿಸಲ್ಲ ಅವರು. ಇದು ಸಾಯದೇ ಉಳಿದಿರೋದು. ಬಂದ ವಾರದಲ್ಲೇ ನಮ್ಮ ಕೆಲಸದವನ ತೊಡೆ ಹರೀತು. ಇನ್ನೊಂದು ಸಲ ಮನುಷ್ಯರಿಗೆ ಬಾಯಿ ಹಾಕಿದ್ರೆ ಇಂಜೆಕ್ಷನ್ ಕೊಟ್ಟು ಮುಗಿಸಬೇಕು ಅಂತ ನಗರಸಭೆ ಆರ್ಡರ್.”

“ನಂಗೂ ಜಡ್ಜು ಹೆಚ್ಚುಕಮ್ಮಿ ಇದನ್ನೇ ಹೇಳಿದ್ರು,” ಎಂದ ಗುದ್ದಣ್ಣ.

ಡಾಕ್ಟರಮ್ಮ ನಕ್ಕರು. ಅವನು ನಗಲಿಲ್ಲ. ಮರುದಿನ ಟೈರು ನೋಡುವ ನೆಪದಲ್ಲಿ ಮತ್ತೆ ಹೋದ. ಅದರ ಮರುದಿನ ನೆಪವೂ ಇಲ್ಲದೆ ಹೋದ. ಬೋನಿನ ಪಕ್ಕದಲ್ಲಿ ನೆಲದ ಮೇಲೆ ಕೂತು ತನ್ನ ಪಾಡಿಗೆ ಟ್ಯೂಬು ಉಜ್ಜುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿ ಹಾರುವುದು ನಿಲ್ಲಿಸಿ, ಸರಳಿನ ಆ ಕಡೆ ಅವನ ಬೆನ್ನಿಗೆ ಬೆನ್ನು ತಾಗಿಸಿ ಮಲಗತೊಡಗಿತು.

“ಜೈಲು ಕಂಡವರಿಗೆ ಇಂಥ ನಾಯಿ ಕೊಡೋ ಹಾಗಿಲ್ಲ,” ಎಂದರು ಡಾಕ್ಟರಮ್ಮ. “ನಿಮ್ಮ ಪರವಾಗಿ ನಾನೇ ಹೊಣೆ ಹೊರ್ತೀನಿ. ಆದ್ರೆ ಕೇಳಿ. ಅದು ಕಚ್ಚಿದ್ರೆ ಅದರ ಕತೆ ಮುಗೀತು. ನೀವು ಯಾರಿಗಾದ್ರೂ ಹೊಡೆದು ಕೇಸಾದ್ರೆ ನಾಯಿ ನಿಮ್ಮದಲ್ಲ, ವಾಪಸ್ ತಗೋತೀನಿ. ಮುಖ್ಯವಾಗಿ ಅದರ ಎದುರು ದನಿ ಏರಿಸಬೇಡಿ. ಕೂಗಾಟದಲ್ಲೇ ಬೆಳೆದಿದೆ ಅದು.”

ಅವನು ನಾಯಿಗೆ ‘ದೊರೆ’ ಎಂದು ಹೆಸರಿಟ್ಟ. ಕಿವಿ ಕಳೆದುಕೊಂಡ ಮುಖದಲ್ಲಿ ಏನು ದೊರೆತನ ಕಂಡನೋ ಅವನೇ ಬಲ್ಲ. ಆಮೇಲೆ ತನ್ನನ್ನು ತಾನು ಪಳಗಿಸಲು ಕೂತ. ಕೋಪ ಬಂದಾಗ ದನಿ ಏರಿಸುವ ಬದಲು ಇಳಿಸುವುದು ಅವನೇ ಕಂಡುಕೊಂಡ ಉಪಾಯ. ಗಿರಾಕಿ ಕೆಣಕಿದಷ್ಟೂ ಇವನ ಮಾತು ತಗ್ಗುತ್ತಿತ್ತು, ಕೊನೆಗೆ ಪಿಸುಮಾತಿಗೆ ಇಳಿಯುತ್ತಿತ್ತು. “ಆಯ್ತು ಸ್ವಾಮಿ, ಇನ್ನೊಂದು ಸಲ ನೋಡ್ತೀನಿ,” ಎನ್ನುತ್ತ ಟ್ಯೂಬನ್ನು ಮತ್ತೆ ನೀರಿಗೆ ಅದ್ದುತ್ತಿದ್ದ. ರಸ್ತೆಯವರು, ಗುದ್ದಣ್ಣ ದೀಕ್ಷೆ ತಗೊಂಡನಾ ಎಂದು ಮುಸಿಮುಸಿ ನಕ್ಕರು. ಅವನು ಹಾಗೆ ಪಿಸುಗುಟ್ಟಿದಾಗೆಲ್ಲ ದೊರೆ ಎದ್ದು ಬಂದು ಕಾಲಿಗೆ ಒತ್ತಿ ನಿಲ್ಲುತ್ತಿತ್ತು. ತನ್ನ ಸಂಕಟ ಅದಕ್ಕೆ ಅರ್ಥವಾಗುತ್ತದೆ, ಸಮಾಧಾನ ಮಾಡಲು ಬರುತ್ತದೆ ಎಂದುಕೊಂಡು ಅವನು ಅದರ ಕತ್ತು ಸವರುತ್ತಿದ್ದ. ಅಷ್ಟು ಸುಖ ಅವನ ಜೀವಮಾನದಲ್ಲಿ ಬೇರೆ ಯಾರಿಂದಲೂ ಸಿಕ್ಕಿರಲಿಲ್ಲ.

ಕಾದಾಟದವರು ನಾಯಿಯನ್ನು ಮರೆತಿರಲಿಲ್ಲ. ಒಂದು ಮಧ್ಯಾಹ್ನ ಡಿಪೋದ ಗೋಡೆ ಪಕ್ಕದ ಓಣಿಯಲ್ಲಿ ಇಬ್ಬರು ಅಡ್ಡಗಟ್ಟಿದರು. ಒಬ್ಬನ ಕೈಯಲ್ಲಿ ಸರಪಳಿ, ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ರಾಡು. “ನಮ್ಮ ಮಾಲು ನಮಗೆ ಕೊಡು,” ಎಂದ ರಾಡಿನವನು. ಮೊದಲಿನ ಗುದ್ದಣ್ಣನಾಗಿದ್ದರೆ ಇಬ್ಬರನ್ನೂ ಗೋಡೆಗೆ ಅರೆಯುತ್ತಿದ್ದ. ಕೈ ತುರಿಸಿತು. ಆದರೆ ಇವನು ಒಂದು ಏಟು ಹಾಕಿದರೂ ನಾಯಿ ಹೋಯಿತು, ನಾಯಿ ಒಂದು ಹಲ್ಲು ಊರಿದರೂ ನಾಯಿ ಹೋಯಿತು. ಅವನು ದೊರೆಯನ್ನು ನೆಲಕ್ಕೆ ಅಮುಕಿ, ಅದರ ಮೇಲೆ ಕವುಚಿ ಬಿದ್ದ.

ರಾಡು ಬೆನ್ನಿನ ಮೇಲೆ ಬಿತ್ತು. ಸೊಂಟದ ಮೇಲೆ ಬಿತ್ತು. ಸರಪಳಿ ತಲೆಯ ಚರ್ಮ ಕಿತ್ತಿತು. ಪಕ್ಕೆಲುಬು ಮುರಿದದ್ದು ಅವನಿಗೆ ಕೇಳಿಸಿತು. ಕೆಳಗೆ ನಾಯಿ ಇಂಜಿನ್ನಿನಂತೆ ನಡುಗುತ್ತಿತ್ತು, ಅವನು ಎರಡೂ ಕೈಯಿಂದ ಅದರ ಮೂತಿ ಹಿಡಿದುಕೊಂಡಿದ್ದ. ಏಟು ಬಿದ್ದಾಗೆಲ್ಲ ಇದ್ದ ಒಂದೇ ಕಿವಿಗೆ ಬಾಯಿ ಹಚ್ಚಿ, “ಸುಮ್ನಿರು ದೊರೆ, ಸುಮ್ನಿರಪ್ಪ,” ಎಂದು ಪಿಸುಗುಟ್ಟಿದ. ಡಿಪೋದ ಡ್ರೈವರುಗಳು ಓಡಿಬಂದು ಅವರಿಬ್ಬರನ್ನು ಅಟ್ಟುವವರೆಗೂ ಹಾಗೇ ಪಿಸುಗುಟ್ಟುತ್ತಿದ್ದ. ದೊರೆ ಯಾರನ್ನೂ ಕಚ್ಚಲಿಲ್ಲ. ಅವನು ಆಸ್ಪತ್ರೆಯ ಮಂಚದ ಮೇಲೆ ಮಲಗಿ, ತಲೆಗೂ ಪಕ್ಕೆಗೂ ಪಟ್ಟಿ ಸುತ್ತಿಸಿಕೊಂಡು, ಪರೀಕ್ಷೆಯಲ್ಲಿ ಮೊದಲು ಬಂದವನ ಹಾಗೆ ಬೀಗುತ್ತಿದ್ದ.

ಇಷ್ಟೆಲ್ಲ ತಡೆದುಕೊಂಡವನಿಗೆ ತಡೆಯಲಾಗದ್ದು ಒಂದು ಅವನ ತಲೆಯ ಮೇಲೇ ಇತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ವಾಸ, ಮೇಲಿನ ಎರಡು ಕೋಣೆಗಳಲ್ಲಿ ತಮ್ಮ ಮತ್ತು ತಮ್ಮನ ಹೆಂಡತಿ. ಬೆಣ್ಣೆ ಟೆಂಪೋ ನಿಲ್ಲಿಸಿ, ಎದುರು ಮನೆಯವರಿಗೆ ಊಟ ಆಯ್ತಾ ಎಂದು ವಿಚಾರಿಸಿ ಮೆಟ್ಟಿಲು ಹತ್ತಿದನೆಂದರೆ, ಸ್ವಲ್ಪ ಹೊತ್ತಿಗೆ ಮೇಲೆ ಏನೋ ಬೀಳುವ ಸದ್ದು. ಪಾತ್ರೆ ಬಿದ್ದ ಸದ್ದಲ್ಲ. ಪಾತ್ರೆ ಬಿದ್ದರೆ ಉರುಳುತ್ತದೆ, ಮನುಷ್ಯರು ಬಿದ್ದರೆ ಸದ್ದು ಅಲ್ಲಿಗೇ ನಿಲ್ಲುತ್ತದೆ. ಬೆಲ್ಟಿನ ಸದ್ದಂತೂ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಮ್ಮೆ ಅವಳನ್ನು ನೀರಿನ ತೊಟ್ಟಿಯ ಹತ್ತಿರ ನಿಲ್ಲಿಸಿ ಕೇಳಿದ್ದ. ಅವಳ ಕಣ್ಣಿನ ಕೆಳಗೆ ಕಪ್ಪಗಾಗಿತ್ತು.

“ಜಾರಿ ಬಿದ್ದೆ ಭಾವ,” ಎಂದಳು.

“ಕಣ್ಣಿನ ಮೇಲೆ ಬಿದ್ದೆಯಾ?”

“ನೀವು ಮೇಲೆ ಬರಬೇಡಿ ಭಾವ. ನೀವು ಬಂದ್ರೆ ಕೊಲೆ ಆಗುತ್ತೆ. ಆಮೇಲೆ ಇದು ಎಲ್ಲಿಗೆ ಹೋಗುತ್ತೆ?” ಅವಳು ದೊರೆಯ ಕಡೆ ನೋಡಿದಳು. ಅವನು ಇಲ್ಲದಾಗ ಅದಕ್ಕೆ ಅನ್ನ ಹಾಕುತ್ತಿದ್ದವಳು ಅವಳೇ. ಅದು ತಿನ್ನುವಾಗ ಎದುರಿಗೆ ನಿಲ್ಲಬಾರದು, ಪಕ್ಕಕ್ಕೆ ಕೂರಬೇಕು ಎಂಬುದೂ ಅವಳಿಗೆ ಗೊತ್ತಿತ್ತು.

ಅವನು ಮೇಲೆ ಹೋಗಲಿಲ್ಲ. ಒಂದು ಕಡೆ ನಾಯಿಯ ಜೀವ, ಇನ್ನೊಂದು ಕಡೆ ಆ ಹೆಣ್ಣುಮಗಳ ಬೆನ್ನು. ಅವನು ನಾಯಿಯನ್ನು ಆರಿಸಿಕೊಂಡ. ಅದು ತಪ್ಪು ಎಂದು ಅವನಿಗೇ ಗೊತ್ತಿತ್ತು. ಮೇಲೆ ಸದ್ದಾದಾಗ ಕಂಪ್ರೆಸರ್ ಚಾಲೂ ಮಾಡಿ, ಗಾಳಿ ತುಂಬಬೇಕಾದ ಟೈರಿಲ್ಲದಿದ್ದರೂ ಅದರ ಗದ್ದಲದಲ್ಲಿ ಕೂತಿರುತ್ತಿದ್ದ. ನಾಚಿಕೆಯಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಟಮಟ ಮಧ್ಯಾಹ್ನ, ಅವನು ಬಸ್ಸಿನ ಟೈರೊಂದನ್ನು ರಿಮ್ಮಿನಿಂದ ಬಿಡಿಸುತ್ತಿದ್ದಾಗ, ಮೇಲಿನಿಂದ ಅವಳು ಮೆಟ್ಟಿಲುಗಳ ಮೇಲೆ ಉರುಳಿಕೊಂಡು ಬಂದು ಅಂಗಡಿಯೊಳಗೇ ಬಿದ್ದಳು. ತುಟಿ ಸೀಳಿತ್ತು. ಒಂದು ಕೈ ಬೇಡದ ಕಡೆಗೆ ತಿರುಗಿತ್ತು. ಹಿಂದೆಯೇ ಬೆಣ್ಣೆ ಇಳಿದು ಬಂದ. ಬಾಗಿಲಾಚೆ ಯಾರೂ ಇಲ್ಲವೆಂದು ಒಂದು ಸಲ ನೋಡಿಕೊಂಡ. ಆಮೇಲೆ ಅವಳ ಕೂದಲನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಕಬ್ಬಿಣದ ರಿಮ್ಮಿಗೆ ಬಡಿದ. ಒಮ್ಮೆ. ಮತ್ತೊಮ್ಮೆ.

ಗುದ್ದಣ್ಣ ಕೈಯಲ್ಲಿದ್ದ ಟೈರು ಬಿಡಿಸುವ ಕಬ್ಬಿಣದ ಲಿವರನ್ನು ಕೆಳಗಿಟ್ಟ. ಇಡುವುದೇ ಅವನಿಗೆ ಬೆಟ್ಟ ಹೊತ್ತಷ್ಟು ಕಷ್ಟವಾಯಿತು. ದೊರೆ ಕಂಪ್ರೆಸರಿನ ಕಾಲಿಗೆ ಕಟ್ಟಿದ್ದ ಹಗ್ಗದಲ್ಲಿ ಎದ್ದು ನಿಂತಿತ್ತು, ಆದರೆ ಸದ್ದಿಲ್ಲದೆ ನಿಂತಿತ್ತು.

“ಅವಳ ಕೂದಲು ಬಿಡು,” ಎಂದ, ತಗ್ಗಿದ ದನಿಯಲ್ಲಿ.

“ಅಣ್ಣ, ಇದು ನಮ್ಮಿಬ್ಬರ ವಿಷಯ. ನೀನು ನಿನ್ನ ಟೈರು ನೋಡ್ಕೋ.” ಬೆಣ್ಣೆ ನಗುತ್ತಲೇ ಹೇಳಿದ. ಉಸಿರು ಮಾತ್ರ ಏದುತ್ತಿತ್ತು.

“ಬಿಡು ಅಂದೆ.” ದನಿ ಇನ್ನೂ ತಗ್ಗಿತು.

“ಏನು? ಕೇಳಿಸಲಿಲ್ಲ. ಜೋರಾಗಿ ಹೇಳು, ಗುದ್ದಣ್ಣ ಅಲ್ವಾ ನೀನು.” ಅವಳ ತಲೆಯನ್ನು ಮತ್ತೆ ಎತ್ತಿದ.

“ಬಿಡಪ್ಪ,” ಎಂದು ಗುದ್ದಣ್ಣ ಪಿಸುಗುಟ್ಟಿದ.

ಹಗ್ಗ ತುಂಡಾಯಿತು. ದೊರೆ ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಕಲಿಸಿದ್ದಂತೆ ನೇರ ಬಂದು ಬೆಣ್ಣೆಯ ಮುಂಗೈಗೆ ಬಾಯಿ ಹಾಕಿ, ಹಲ್ಲು ಊರಿ, ತಲೆ ಕೊಡವಿತು. ಬೆಣ್ಣೆ ಹಂದಿಯಂತೆ ಅರಚಿಕೊಂಡ. ಮಾಂಸ ಹರಿಯುವ ಸದ್ದು ಒದ್ದೆ ಬಟ್ಟೆ ಹರಿದಂತಿತ್ತು. ಇಂಥ ನಾಯಿ ಹಿಡಿದರೆ ಎಳೆಯಬಾರದು, ಎಳೆದಷ್ಟೂ ಕೈ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಗುದ್ದಣ್ಣ ಗಾಲಿ ಉರುಳದಂತೆ ಇಡುವ ಮರದ ಬೆಣೆಯನ್ನು ತಂದು, ಅದರ ತೆಳು ತುದಿಯನ್ನು ಹಿಂದಿನ ಹಲ್ಲುಗಳ ನಡುವೆ ತುರುಕಿ ತಿರುಚಿದ. ದವಡೆ ಬಿಚ್ಚಿಕೊಂಡಿತು. ನಾಯಿಯನ್ನು ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಕಟ್ಟಿ, ಬನಿಯನ್ ಬಿಚ್ಚಿ ಅದರ ಬಾಯಿ ಒರೆಸಿ ಬಾಗಿಲು ಹಾಕಿದ.

ಬೆಣ್ಣೆ ನೆಲದಲ್ಲಿ ಒದ್ದಾಡುತ್ತಿದ್ದ. ಎಡಗೈಯಿಂದ ಜೇಬು ತಡಕಿ ಫೋನು ತೆಗೆಯುತ್ತಿದ್ದ. “ನಗರಸಭೆಗೆ ಹೇಳ್ತೀನಿ. ಸಾಯಂಕಾಲದೊಳಗೆ ಅದರ ಹೆಣ ನಿನ್ನ ಅಂಗಡಿ ಮುಂದೆ ಬಿದ್ದಿರುತ್ತೆ. ನೀನೇ ಹೂಳಬೇಕು, ನೋಡ್ತಿರು.”

ಗುದ್ದಣ್ಣ ಅವನ ಮುಂಗೈ ನೋಡಿದ. ಹಲ್ಲಿನ ಗುರುತು ಸ್ಪಷ್ಟವಾಗಿತ್ತು, ಯಾರು ನೋಡಿದರೂ ನಾಯಿಯದೆಂದೇ ಹೇಳುತ್ತಿದ್ದರು. ಅವನು ಹೆಚ್ಚು ಯೋಚಿಸಿದ ಎಂದು ನನಗನಿಸುವುದಿಲ್ಲ. ಬಹಳ ಯೋಚಿಸುವ ಜಾತಿಯಲ್ಲ ಅವನು. ಫೋನನ್ನು ಒದ್ದು, ತಮ್ಮನ ಎದೆಯ ಮೇಲೆ ಮಂಡಿಯೂರಿ ಕೂತು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನಾಯಿ ಕಚ್ಚಿದ ಜಾಗದ ಮೇಲೆಯೇ ಬಾಯಿಟ್ಟು ಕಚ್ಚಿದ.

ಮನುಷ್ಯನ ಹಲ್ಲು ಇಂಥ ಕೆಲಸಕ್ಕೆ ಮಾಡಿದ್ದಲ್ಲ. ಚರ್ಮ ಜಾರಿತು, ಅವನ ಮುಂದಿನ ಹಲ್ಲೊಂದು ಮುರಿಯಿತು. ಮತ್ತೆ ಹಿಡಿದು ಕಚ್ಚಿದ, ತಲೆ ಕೊಡವಿದ, ಉಗುಳಿದ, ಮತ್ತೆ ಕಚ್ಚಿದ. ಮೊದಲ ಕಚ್ಚು ನಾಯಿಗಾಗಿ. ಉಳಿದವೂ ನಾಯಿಗಾಗಿಯೇ ಎಂದರೆ ಸುಳ್ಳಾದೀತು. ಕಂಪ್ರೆಸರಿನ ಗದ್ದಲದಲ್ಲಿ ಅಡಗಿ ಕೂತ ಅಷ್ಟೂ ಸಂಜೆಗಳು ಅವನ ದವಡೆಗೆ ಬಂದಿದ್ದವು. ಆ ಕೆಲಸ ಅವನಿಗೆ ಕಹಿಯಾಗಿರಲಿಲ್ಲ.

ಅರಚಾಟ ಕೇಳಿ ಡಿಪೋದವರು, ಎದುರು ಮನೆಯವರು ಓಡಿ ಬಂದಾಗ ಕಂಡದ್ದು ಇಷ್ಟು: ಕೆಳಗೆ ಬೆಣ್ಣೆ, ಮೇಲೆ ಗುದ್ದಣ್ಣ, ಗುದ್ದಣ್ಣನ ಮೂಗಿನಿಂದ ಗಂಟಲಿನವರೆಗೆ ರಕ್ತ. ಇನ್ನು ಸಾಕ್ಷಿ ಯಾಕೆ?

ಠಾಣೆಯಲ್ಲಿ ಬೆಣ್ಣೆ ಬ್ಯಾಂಡೇಜು ಸುತ್ತಿಕೊಂಡು, ಬದುಕಿನಲ್ಲಿ ಅಪರೂಪಕ್ಕೆ, ಸತ್ಯ ಹೇಳಿದ. “ಮೊದಲು ನಾಯಿ ಕಚ್ಚಿತು ಸಾರ್. ಆಮೇಲೆ ಅದೇ ಜಾಗಕ್ಕೆ ಅಣ್ಣ ಕಚ್ಚಿದ.”

“ಏನು, ಪಂಕ್ತಿ ಊಟಾನಾ?” ಎಂದ ಇನ್ಸ್‌ಪೆಕ್ಟರ್. ಪೇದೆಗಳೆಲ್ಲ ನಕ್ಕರು. ಪಾನದಲ್ಲಿ ದವಡೆ ಮುರಿದವನು ಹಲ್ಲಲ್ಲಿ ಕೈ ಹರಿದ ಎಂಬುದು ನಂಬಲು ಎಷ್ಟು ಸುಲಭ. ತಲೆಗೆ ಹೊಲಿಗೆ ಹಾಕಿಸಿಕೊಂಡು, ಕೈ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದವಳನ್ನು ಇನ್ಸ್‌ಪೆಕ್ಟರ್ ಕೇಳಿದ: “ನೀನು ಅಲ್ಲೇ ಇದ್ದೆಯಲ್ಲಮ್ಮ. ನಾಯಿ ಬಂತಾ?”

ಅವಳು ಗಂಡನನ್ನು ನೋಡಿದಳು. ಆಮೇಲೆ ಭಾವನನ್ನು ನೋಡಿದಳು.

“ದೊರೆಯನ್ನ ಕಟ್ಟಿಹಾಕಿತ್ತು ಸಾರ್. ಕಚ್ಚಿದ್ದು ಭಾವ,” ಎಂದಳು. ಆಮೇಲೆ ಗಂಡನ ಕಡೆ ಬೆರಳು ತೋರಿಸಿ, “ನನ್ನ ತಲೆ ಒಡೆದಿದ್ದು ಇವರು. ಕೈ ಮುರಿದಿದ್ದೂ ಇವರೇ. ಹೋದ ವರ್ಷ ಪಕ್ಕೆ ಮುರಿದಿದ್ದೂ ಇವರೇ. ಎಲ್ಲಾ ಬರ್ಕೊಳ್ಳಿ,” ಎಂದಳು. ಒಂದು ಸುಳ್ಳು ಹೇಳಿದ ಮೇಲೆ ಅವಳಿಗೆ ಉಳಿದ ಸತ್ಯವೆಲ್ಲ ಹೇಳಲು ಧೈರ್ಯ ಬಂದಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಲಾಕಪ್ಪಿನ ಹತ್ತಿರ ಬಂದರು. ನಗರಸಭೆಯವರು ಗಾಯ ನೋಡಿ ಅಭಿಪ್ರಾಯ ಹೇಳಿ ಎಂದು ಅವರನ್ನೇ ಕರೆಸಿದ್ದರು. ಸರಳಿನ ಈಚೆ ಅವರು, ಆಚೆ ಗುದ್ದಣ್ಣ.

“ಗಾಯ ನೋಡಿದೆ. ಅಡಿಯಲ್ಲಿ ಎರಡು ಆಳವಾದ ತೂತು ಇದೆ. ಮನುಷ್ಯರಿಗೆ ಅಂಥ ಹಲ್ಲಿರಲ್ಲ. ನಾಯಿ ಇರೋ ಮನೆ, ಯಾವುದಕ್ಕೂ ಇರಲಿ ಅಂತ ಹೇಳಿ ನಿಮ್ಮ ತಮ್ಮನಿಗೆ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿದ್ದೀನಿ. ಅದನ್ನ ಬಿಡಿ. ಅದು ಯಾಕೆ ಹಾರಿತು? ನೀವು ಕೂಗಿದ್ರಾ?”

“ಇಲ್ಲ. ದೇವರಾಣೆ ಕೂಗಲಿಲ್ಲ. ಮೆತ್ತಗೆ ಹೇಳಿದೆ. ಎಷ್ಟು ಸಿಟ್ಟಿತ್ತೋ ಅಷ್ಟು ಮೆತ್ತಗೆ. ಯಾವಾಗಲೂ ಹಾಗೇ ಹೇಳ್ತೀನಿ. ಆ ರಾಡಿನವರು ಹೊಡೆದಾಗಲೂ ಹಾಗೇ ಕಿವೀಲಿ...” ಅವನ ಮಾತು ಅಲ್ಲಿಗೇ ನಿಂತಿತು.

ಡಾಕ್ಟರಮ್ಮ ಸರಳಿಗೆ ಇನ್ನಷ್ಟು ಹತ್ತಿರ ಬಂದರು.

“ನಾನು ಪಿಸುಗುಟ್ಟೋದು ಸಿಟ್ಟು ಬಂದಾಗ, ಇಲ್ಲಾ ಏಟು ಬೀಳುವಾಗ,” ಎಂದ ಗುದ್ದಣ್ಣ. “ಅದು ಸಮಾಧಾನ ಮಾಡೋಕೆ ಬರ್ತಿರಲಿಲ್ಲ ಅಲ್ವಾ? ತಯಾರಾಗಿ ನಿಲ್ತಿತ್ತು.”

“ನೀವು ಜೋರಾಗಿ ಬೈದಿದ್ರೆ ಬಹುಶಃ ಮಲಗಿರ್ತಿತ್ತು,” ಎಂದರು ಅವರು. “ನಿಮ್ಮ ಬಾಯಲ್ಲಿ ಅದಕ್ಕೆ ಕೂಗು ಏನೂ ಅಲ್ಲ, ಪಿಸುಮಾತೇ ಹೊಡೆದಾಟದ ಸೂಚನೆ. ಈಗ ಕೇಳಿ. ನಾನು ನೋಡಿದ್ದು ಹೇಳಿದ್ರೆ ನಿಮ್ಮ ಕೇಸು ಹಗುರ ಆಗುತ್ತೆ, ನಾಯಿ ಉಳಿಯಲ್ಲ. ನಿಮ್ಮ ಮಾತೇ ನಿಜ ಅಂದ್ರೆ ನಾಯಿ ಬದುಕುತ್ತೆ. ಆದ್ರೆ ಇದು ನಿಮ್ಮ ಎರಡನೇ ಕೇಸು. ಜೈಲಿಂದ ಬಂದ ಮೇಲೂ ಅದನ್ನ ನಿಮಗೆ ಕೊಡೋಕಾಗಲ್ಲ. ನಾನಿರೋವರೆಗೂ ಇಲ್ಲ, ನನ್ನ ನಂತರ ಬರೋರಂತೂ ಕೊಡಲ್ಲ.”

ಗುದ್ದಣ್ಣ ನಾಲಿಗೆಯಿಂದ ಮುರಿದ ಹಲ್ಲನ್ನು ಮುಟ್ಟಿ ನೋಡಿಕೊಂಡ. ಅವನ ಕಣ್ಣು ತುಂಬಿತ್ತು, ಅದನ್ನು ಮರೆಮಾಡಲೂ ಹೋಗಲಿಲ್ಲ.

“ನಾನೇ ಕಚ್ಚಿದ್ದು ಡಾಕ್ಟರಮ್ಮ.”

“ಆ ಎರಡು ತೂತು?”

“ಅದೂ ನಾನೇ.”

ಡಾಕ್ಟರಮ್ಮ ಅವನ ಬಾಯಿಯನ್ನು ನೋಡಿದರು. ಆಮೇಲೆ ಹೋಗಿ, ಇದು ಮನುಷ್ಯ ಕಚ್ಚಿದ್ದು ಎಂದು ಹೇಳಿಬಿಟ್ಟರು. ನಲವತ್ತು ವರ್ಷದ ವೃತ್ತಿಯಲ್ಲಿ ಅವರು ಹೇಳಿದ ಸುಳ್ಳು ಅದೊಂದೇ ಎಂದು ಅವರ ಗುರುತಿನವರು ಹೇಳುತ್ತಾರೆ.

ತಮ್ಮನ ಹೆಂಡತಿ ಆ ಮನೆಗೆ ಮತ್ತೆ ಕಾಲಿಡಲಿಲ್ಲ. ಆಶ್ರಯದ ಅಡುಗೆಮನೆಯಲ್ಲಿ ಪ್ರಾಣಿಗಳಿಗೆ ಬೇಯಿಸುವ ಕೆಲಸ ಸಿಕ್ಕಿತು, ಅದರ ಹಿಂದೆಯೇ ಒಂದು ಕೋಣೆ. ಕೈಯ ಪ್ಲಾಸ್ಟರು ಬಿಚ್ಚಿದ ಮೇಲೆ ದೊರೆಯನ್ನು ಅವಳ ವಶಕ್ಕೇ ಕೊಟ್ಟರು. ಬೆಣ್ಣೆ ಒಂದು ದಿನ ಗೇಟಿನವರೆಗೆ ಬಂದು, ನಗುತ್ತ ಅವಳನ್ನು ಕರೆದನಂತೆ. ಅವಳು ನಾಯಿಯನ್ನು ಒಳಗೆ ಕೂಡಿಹಾಕಿ, ತಾನೊಬ್ಬಳೇ ಗೇಟಿಗೆ ಹೋಗಿ ಬಾಯಿಗೆ ಬಂದಂತೆ ಬೈದಳಂತೆ, ಬೀದಿಯೆಲ್ಲ ಕೇಳುವ ಹಾಗೆ. ಅವನು ಮತ್ತೆ ಬರಲಿಲ್ಲ.

ಭೇಟಿಯ ದಿನ ಅವಳು ಜೈಲಿಗೆ ಬಂದಾಗ ಗುದ್ದಣ್ಣ ಅವಳ ಕೈ ಹೇಗಿದೆ ಎಂದು ಕೇಳಿದ. ನೆಟ್ಟಗಾಗಿದೆ ಭಾವ ಎಂದಳು. ಕೇಳಬೇಕಾದ್ದನ್ನು ಕೇಳಲು ಅವನಿಗೆ ಹೆದರಿಕೆ.

“ತಿನ್ನುತ್ತಾ?” ಎಂದ ಕೊನೆಗೆ.

“ಮೊದಮೊದಲು ತಿನ್ನಲಿಲ್ಲ. ಈಗ ತಿನ್ನುತ್ತೆ. ಪಕ್ಕಕ್ಕೆ ಕೂತೇ ಹಾಕ್ತೀನಿ.”

“ಎಲ್ಲಿ ಮಲಗುತ್ತೆ?”

“ದೊರೆ ಜೊತೆ ಡಾಕ್ಟರಮ್ಮ ನಿಮ್ಮ ಖಾಕಿ ಅಂಗಿನೂ ತಂದಿದ್ರು. ಅದರ ಮೇಲೆ.”

ಅವನು ಮುಖ ಆಚೆ ತಿರುಗಿಸಿದ. ಮತ್ತೆ ತಿರುಗಿದಾಗ ದನಿ ಗಡುಸಾಗಿತ್ತು. “ಅದನ್ನ ಸುಟ್ಟುಬಿಡು. ನನ್ನ ವಾಸನೆ ಇದ್ದರೆ ಅದು ಕಾಯ್ತಾನೇ ಇರುತ್ತೆ. ಮರೀಲಿ.”

“ಎರಡು ಸಲ ತೆಗೆಯೋಕೆ ನೋಡಿದೆ ಭಾವ. ಕೈ ಹಾಕಿದ್ರೆ ಗುರ್ ಅನ್ನುತ್ತೆ.”

ಗುದ್ದಣ್ಣ ಗಾಬರಿಯಿಂದ ಎದ್ದು ನಿಂತ.

“ಹಾಗಾದ್ರೆ ಮುಟ್ಟಬೇಡ ಮಾರಾಯ್ತಿ, ಅಲ್ಲೇ ಇರಲಿ ಬಿಡು,” ಎಂದ. “ಅದು ಕಚ್ಚಿದ್ರೆ ಅದೇ ಜಾಗಕ್ಕೆ ಕಚ್ಚೋಕೆ ನಾನಿಲ್ಲ ಅಲ್ಲಿ.”